ಸಂಗಮನಾಥನ ಅಳತೆಯ ಸೀಟು

ರೇಸ್ ಕಾರಿನ ಸೀಟನ್ನು ಅಂಗಡಿಯಿಂದ ತರುವುದಿಲ್ಲ, ಮನುಷ್ಯನ ಮೈಯ ಅಚ್ಚಿನಲ್ಲಿ ಎರೆಯುತ್ತಾರೆ. ಕಾರಿನೊಳಗೆ ದೊಡ್ಡ ಪ್ಲಾಸ್ಟಿಕ್ ಚೀಲ ಹಾಸಿ, ಎರಡು ಡಬ್ಬಿಯ ದ್ರಾವಣ ಕಲಸಿ ಸುರಿದು, ಓಡಿಸುವವನನ್ನು ಅದರ ಮೇಲೆ ಕೂರಿಸುತ್ತಾರೆ. ದ್ರಾವಣ ನೊರೆಯಾಗಿ ಉಬ್ಬಿ, ಬೆಚ್ಚಗಾಗಿ, ಅವನ ಬೆನ್ನು ಸೊಂಟಗಳ ಸುತ್ತ ಗಟ್ಟಿಯಾಗುತ್ತದೆ. ಅಲ್ಲಿಯವರೆಗೆ ಅವನು ಅಲುಗಾಡಬಾರದು. ಶಹಾಪುರದ ಹೊರಗಿನ ಇಂಜಿನಿಯರಿಂಗ್ ಕಾಲೇಜಿನ ಹುಡುಗರು ತಮ್ಮ ಕರೆಂಟಿನ ಕಾರಿಗೆ ಸೀಟು ಎರೆದ ದಿನ ಅದರಲ್ಲಿ ಕೂತವನು ಸುರಪುರದ ಸಂಗಮನಾಥ. ನೊರೆ ಕಲಸಿದವನು ಅವನ ಗೆಳೆಯ ವಿಶ್ವಾರಾಧ್ಯ. ಕಲಸುವಾಗ ಅವನ ಹೊಟ್ಟೆಯೊಳಗೂ ಏನೋ ಉಬ್ಬುತ್ತಿತ್ತು, ಅದನ್ನು ಯಾರೂ ನೋಡಲಿಲ್ಲ.

ಇಬ್ಬರೂ ಒಂದೇ ರೂಮಿನವರು, ಒಂದೇ ಅಳತೆಯ ಅಂಗಿಯವರು. ಒಣಗಿದ ಅಂಗಿ ಯಾರದೇ ಇರಲಿ, ಮೊದಲು ಎದ್ದವನು ಅದನ್ನು ಹಾಕಿಕೊಂಡು ಹೋಗುತ್ತಿದ್ದ. ರಜೆಯ ದಿನ ಹತ್ತಿ ಮಾರುಕಟ್ಟೆಯ ಸಿಮೆಂಟ್ ಅಂಗಳದಲ್ಲಿ ಇಬ್ಬರಿಗೂ ಕಾರು ಕೊಟ್ಟು ನೋಡಿದಾಗ ಸಂಗಮನಾಥ ಕಣ್ಣು ಮುಚ್ಚಿ ತೆರೆಯುವಷ್ಟು ಅಂತರದಲ್ಲಿ ಗೆದ್ದಿದ್ದ. ತಂಡದ ಕ್ಯಾಪ್ಟನ್ ಸಾಬೇರಾಗೆ ಅಷ್ಟೇ ಸಾಕಾಯಿತು.

"ಸಂಗಮ ಓಡಸ್ತಾನ. ವಿಶ್ವಾ, ನೀ ಬದಲಿ. ಅವಗ ಏನರ ಆದ್ರ ನೀ ಕುಂಡ್ರು."

ಸಾಬೇರಾ ಅಷ್ಟು ಹೇಳಿ ತನ್ನ ಕೆಲಸಕ್ಕೆ ತಿರುಗಿದಳು. ಆದರೆ 'ಅವಗ ಏನರ ಆದ್ರ' ಎಂಬ ಮಾತು ವಿಶ್ವನ ಕಿವಿಯಲ್ಲೇ ಮನೆ ಮಾಡಿಕೊಂಡಿತು.

ಈ ಸಲದ ಸ್ಪರ್ಧೆ ಯಾದಗಿರಿಯಲ್ಲೇ, ಅಂದರೆ ವಿಶ್ವನ ಊರಲ್ಲೇ. ಅವನ ಅಪ್ಪ ಸೂಗಪ್ಪ ಸ್ಟೇಷನ್ ರಸ್ತೆಯಲ್ಲಿ ಬೈಕು, ಆಟೋಗಳಿಗೆ ಸೀಟ್ ಕವರ್ ಹೊಲಿಯುವವನು. ಬಂದ ಗಿರಾಕಿಗಳಿಗೆಲ್ಲ, "ನನ್ನ ಮಗ ರೇಸ್ ಗಾಡಿ ಓಡಸಾಂವ ಇದ್ದಾನ್ರಿ, ನೋಡಾಕ ಬರ್ರಿ" ಎಂದು ಡಂಗುರ ಹೊಡೆದಿದ್ದ. ತಾನು ಬರೀ ಬದಲಿ ಎಂದು ಹೇಳಲು ಮಗನಿಗೆ ಬಾಯಿ ಬರಲಿಲ್ಲ. ಕಾರಿಗೆ ಬೆಸುಗೆ ಹಾಕಿ ಕೈ ಸುಟ್ಟುಕೊಂಡವನು ನಾನು, ಕೂರುವವನು ಅವನೇ ಎಂದು ಒಳಗೊಳಗೇ ಕುದ್ದ. ಆ ಸೀಟಿಗಾಗಿ ಅವನು ಏನು ಮಾಡಲೂ ತಯಾರಿದ್ದ, ಮಾಡಿಯೂ ಬಿಟ್ಟ.

ಗಟ್ಟಿಯಾದ ಸೀಟಿಗೆ ರೆಕ್ಸಿನ್ ಹೊದಿಸಲು ಅದನ್ನು ಯಾದಗಿರಿಗೆ ಹೊತ್ತು ತಂದವನು ವಿಶ್ವ. ಅಪ್ಪ ಊಟಕ್ಕೆ ಹೋದ ಹೊತ್ತು ನೋಡಿ, ಎಡಗಡೆ ಸೊಂಟದ ಕೆಳಗೆ, ತೊಡೆ ಶುರುವಾಗುವ ಜಾಗದಲ್ಲಿ ಚಾಕುವಿನಿಂದ ಗುಳಿ ಕೊರೆದ. ಅದರೊಳಗೆ ಒಂದು ಕಬ್ಬಿಣದ ನಟ್ಟು ಒತ್ತಿದ, ಮೇಲೆ ತೆಳ್ಳಗೆ ಸ್ಪಂಜು ಮೆತ್ತಿದ. ಸೂಗಪ್ಪ ಊಟ ಮುಗಿಸಿ ಬಂದು, ಮಗನ ತಂಡದ ಕೆಲಸವೆಂದು ಒಂದು ಹೊಲಿಗೆಯನ್ನೂ ಸೊಟ್ಟ ಬಿಡದೆ ಕವರ್ ಹೊಲಿದುಕೊಟ್ಟ. ಸುಮ್ಮನೆ ಕೂತರೆ ಏನೂ ತಿಳಿಯುತ್ತಿರಲಿಲ್ಲ. ಬೆಲ್ಟು ಬಿಗಿದು ಕಾರು ಕುಲುಕತೊಡಗಿದ ಮೇಲೇ ಅದು ತನ್ನ ಕೆಲಸ ಶುರು ಮಾಡುತ್ತಿತ್ತು. ಸ್ವಲ್ಪ ನೋಯಲಿ, ಸ್ವಲ್ಪ ಹಿಂದೆ ಬೀಳಲಿ, ಅಷ್ಟೇ ಎಂದು ವಿಶ್ವ ತನಗೆ ತಾನೇ ಸಮಾಧಾನ ಹೇಳಿಕೊಂಡ.

ರೇಸ್ ಕಾರಿನ ಬೆಲ್ಟನ್ನು ಕೂತವನೇ ಬಿಗಿದುಕೊಳ್ಳಲು ಆಗದು. ಇನ್ನೊಬ್ಬ ಮೇಲೆ ನಿಂತು, ಮೊಣಕಾಲು ಊರಿ, ಮೈಭಾರ ಹಾಕಿ ಎಳೆಯಬೇಕು. ಅದು ಬದಲಿಯ ಕೆಲಸ. ಹಾಗಾಗಿ ಪ್ರತಿ ಸಲ ವಿಶ್ವನೇ ಎಳೆದ. ಎಳೆದು ಪ್ರತಿ ಸಲ ಕೇಳಿದ.

"ಎಲ್ಲ್ಯಾರ ಚುಚ್ಚತದೇನು?"

"ಇಲ್ಲ," ಎನ್ನುತ್ತಿದ್ದ ಸಂಗಮನಾಥ.

ಚುಚ್ಚುತ್ತಿತ್ತು. ಆದರೆ ಬೇರೆ ಸೀಟು ಎರೆಯಲು ದಿನ ಉಳಿದಿಲ್ಲ, ಕೂರಲು ತ್ರಾಸ ಅನ್ನುವವನು ಎದ್ದು ಇನ್ನೊಬ್ಬನಿಗೆ ಜಾಗ ಬಿಡಲಿ ಎಂದು ಸಾಬೇರಾ ಮೊದಲೇ ಹೇಳಿಬಿಟ್ಟಿದ್ದಳು. ಸಂಗಮನಾಥ ತುಟಿ ಕಚ್ಚಿ ಓಡಿಸಿದ. ಸಂಜೆ ರೂಮಿನಲ್ಲಿ ಬೋರಲು ಮಲಗಿದರೆ ವಿಶ್ವನೇ ಎಣ್ಣೆ ಹಚ್ಚಿ ತಿಕ್ಕುತ್ತಿದ್ದ. ನೀಲಿಗಟ್ಟಿದ ಜಾಗ ಕೈಗೆ ಸಿಕ್ಕಾಗ ಹೆಬ್ಬೆರಳು ಅಲ್ಲೇ ಸ್ವಲ್ಪ ಹೆಚ್ಚು ಊರುತ್ತಿತ್ತು. ಪಾಪ ಅನಿಸಲಿಲ್ಲವೇ? ಅನಿಸುತ್ತಿತ್ತು, ಎಣ್ಣೆಯ ಕೈ ಒರೆಸಿಕೊಳ್ಳುವವರೆಗೆ.

ಸಂಗಮನಾಥನ ತಾಯಿ ಕಸ್ತೂರಿ ಸುರಪುರದಿಂದ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಬಸ್ಸಿಗೆ ಹಾಕುತ್ತಿದ್ದಳು. ಫೋನಿನಲ್ಲಿ, "ಯಪ್ಪಾ ವಿಶ್ವಾ, ನೀ ಅವಗ ಅಣ್ಣ ಇದ್ದಂಗ. ಯಾಕೋ ಕುಂಟಾಕತ್ತಾನಂತ, ಏನಂತ ನೋಡು" ಎಂದಳು. "ನೋಡಕೋತೀನಿ, ನೀವು ಚಿಂತಿ ಮಾಡಬ್ಯಾಡ್ರಿ ಯವ್ವಾ" ಎಂದು ವಿಶ್ವ ರೊಟ್ಟಿ ಮುರಿದ. ಮನುಷ್ಯನ ಗಂಟಲು ಇಂಥ ಹೊತ್ತಿನಲ್ಲೂ ನುಂಗುತ್ತದೆ.

ದಿನ ಕಳೆದಂತೆ ಸಂಗಮನಾಥನ ಎಡಗಾಲು ಜೋಮು ಹಿಡಿಯತೊಡಗಿತು. ಆ ಕಾರಿನಲ್ಲಿ ಬ್ರೇಕು ಒತ್ತುವುದು ಎಡಗಾಲಿನಿಂದಲೇ. ತಿರುವಿನಲ್ಲಿ ಬ್ರೇಕು ತಡವಾಗಿ, ದಾರಿಯ ಗುರುತಿಗೆ ಇಟ್ಟ ಪ್ಲಾಸ್ಟಿಕ್ ಕೋನುಗಳು ಹಾರಿಬಿದ್ದವು. ಹಾಸ್ಟೆಲ್ಲಿನ ಮೆಟ್ಟಿಲ ಮೇಲೆ ಚಪ್ಪಲಿ ಕಾಲಿನಿಂದ ಕಳಚಿದ್ದೂ ಅವನಿಗೆ ತಿಳಿಯಲಿಲ್ಲ. ಹಿಂದೆ ಬರುತ್ತಿದ್ದ ವಿಶ್ವ ಅದನ್ನು ಎತ್ತಿಕೊಟ್ಟ. ನಟ್ಟು ತೆಗೆಯಲು ಅದಕ್ಕಿಂತ ಒಳ್ಳೆಯ ಹೊತ್ತು ಬೇಕಿರಲಿಲ್ಲ. ಅವನು ತೆಗೆಯಲಿಲ್ಲ. ಜಾಗ ತನಗೆ ಬಂದ ದಿನ ತೆಗೆದರಾಯಿತು ಎಂದುಕೊಂಡ.

ಸ್ಪರ್ಧೆಯ ಹಿಂದಿನ ದಿನ ಯಾದಗಿರಿಯಲ್ಲಿ ಪರೀಕ್ಷಕರು ಕಾರನ್ನು ತಪಾಸಣೆ ಮಾಡಿ, ಬ್ಯಾಟರಿಗೂ ಸೀಟಿನ ಅಂಚಿಗೂ ಸೀಲ್ ಅಂಟಿಸಿ, ಕಾವಲು ಹಾಕಿ ಹೋದರು. ಬೆಳಗ್ಗೆ ಉಳಿದದ್ದು ಒಂದೇ ಪರೀಕ್ಷೆ. ಬೆಂಕಿ ಹತ್ತಿದರೆ ಎಂದು, ಓಡಿಸುವವನು ಬೆಲ್ಟು ಬಿಚ್ಚಿ ಐದು ಸೆಕೆಂಡಿನೊಳಗೆ ಹೊರಗೆ ಬರಬೇಕು. ಸಂಗಮನಾಥ ಬಲಗಾಲು ಹೊರಗಿಟ್ಟ. ಎಡಗಾಲು ಬರಲಿಲ್ಲ. ಕೈಯಿಂದ ಎತ್ತಿ ಹೊರಗಿಟ್ಟುಕೊಳ್ಳಬೇಕಾಯಿತು. ಇನ್ನೊಮ್ಮೆ ಅವಕಾಶ ಕೊಟ್ಟರು, ಆಗಲೂ ಅಷ್ಟೇ. ಪರೀಕ್ಷಕರು ಆಗದೆಂದು ತಲೆಯಾಡಿಸಿದರು. ಸಾಬೇರಾ ಒಂದು ಗಳಿಗೆ ಸಂಗಮನಾಥನ ಮುಖ ನೋಡಿ, ಆಮೇಲೆ ಈ ಕಡೆ ತಿರುಗಿದಳು.

"ವಿಶ್ವಾ, ಹೆಲ್ಮೆಟ್ ಹಾಕೊ."

ವಿಶ್ವ ಹೆಲ್ಮೆಟ್ ಹಾಕಿಕೊಂಡ. ಓಡಿಹೋಗಿ ಕೂತ, ಬೆಲ್ಟು ಬಿಚ್ಚಿದ, ಜಿಗಿದು ಹೊರಬಂದು ಪರೀಕ್ಷೆ ಪಾಸಾದ. ಚಪ್ಪಾಳೆಯ ನಡುವೆ ಸೀಲ್ ಕಣ್ಣಿಗೆ ಬಿತ್ತು. ನಟ್ಟು ಇನ್ನೂ ಒಳಗೇ ಇತ್ತು.

"ಸೀಟು ಸ್ವಲ್ಪ ಸರಿ ಮಾಡಕೋಬಹುದೇನ್ರಿ ಸರ್?" ಎಂದು ಪರೀಕ್ಷಕರನ್ನು ಕೇಳಿದ.

"ಸೀಲ್ ಕಿತ್ರ ಗಾಡಿ ಹೊರಗ," ಎಂದರು ಅವರು.

ಬೆಲ್ಟು ಬಿಗಿಯುವುದು ಈಗ ಬದಲಿಯಾದ ಸಂಗಮನಾಥನ ಕೆಲಸ. ಅವನು ಕುಂಟುತ್ತ ಬಂದ, ಮೊಣಕಾಲು ಊರಿದ, ಹೆಲ್ಮೆಟ್ಟಿನ ಹತ್ತಿರ ಬಾಗಿದ. ದನಿಯಲ್ಲಿ ಸಿಟ್ಟೇ ಇರಲಿಲ್ಲ.

"ಮೊನ್ನೆ ಬೆರಳಿಗೆ ಹತ್ತಿತು ನೋಡು. ಆರು ಮೂಲಿ ಅದಾವ. ನಟ್ಟು."

ವಿಶ್ವ ಹೆಲ್ಮೆಟ್ಟಿನೊಳಗಿಂದ ಅವನತ್ತ ಕಣ್ಣು ಹೊರಳಿಸಿದ.

"ಕೊಯ್ದು ತಗೀಬೇಕಂತ ಚಾಕು ಹಿಡದಿದ್ದೆ. ಅವತ್ತ ಮುಂಜಾನಿ ನಿನಗ ಹೇಳದ ಕಾಲು ತೋರಸಾಕ ಹೋದಾಗ ಕಲಬುರ್ಗಿ ಡಾಕ್ಟರು, ನರ ಸತ್ತದ, ಕಾಲು ಮೊದಲಿನಂಗ ಆಗೂದು ಖಾತ್ರಿ ಇಲ್ಲ ಅಂದಿದ್ರು. ಹಂಗಾರ ಇದು ನಿನಗ ಇರಲಿ ಅಂತ ಬಿಟ್ಟೆ." ಸಂಗಮನಾಥ ಮೈಭಾರವೆಲ್ಲ ಹಾಕಿ ಬೆಲ್ಟು ಎಳೆದ. ಇನ್ನೊಮ್ಮೆ ಎಳೆದ. ಆಮೇಲೆ ನೆಟ್ಟಗೆ ನಿಂತು, ಎಲ್ಲರಿಗೂ ಕೇಳುವಂತೆ ಕೇಳಿದ. "ಎಲ್ಲ್ಯಾರ ಚುಚ್ಚತದೇನು?"

ಹೌದು ಎಂದರೆ ಯಾಕೆ ಎಂದು ಕೇಳುತ್ತಾರೆ. ಸಾಬೇರಾ ಕವರ್ ಬಿಚ್ಚಿಸುತ್ತಾಳೆ. ಕಂಬಿಯ ಆಚೆ ಅಪ್ಪ ಅರ್ಧ ಸ್ಟೇಷನ್ ರಸ್ತೆಯನ್ನೇ ಕರೆತಂದು ನಿಂತಿದ್ದಾನೆ.

"ಇಲ್ಲ," ಎಂದ ವಿಶ್ವ.

ಮೊದಲ ಸುತ್ತುಗಳಲ್ಲಿ ನೋವು ತಾಳುವಷ್ಟಿತ್ತು. ಆಮೇಲೆ ನಟ್ಟು ಒಳಗಿಳಿದು ಎಲುಬು ಹುಡುಕಿತು. ಸೊಂಟದಿಂದ ಹಿಮ್ಮಡಿಯವರೆಗೆ ಕಾದ ಸರಳು ಎಳೆದಂತಾಗಿ ಕಣ್ಣಲ್ಲಿ ನೀರು ಬಂತು. ಪ್ರತಿ ಸುತ್ತಿಗೂ ಸೂಗಪ್ಪ ಟವೆಲ್ ಬೀಸುತ್ತಿದ್ದ. ಆಮೇಲಾಮೇಲೆ ನೋವು ಕಡಿಮೆಯಾಗತೊಡಗಿತು. ಅದಕ್ಕೇ ವಿಶ್ವನಿಗೆ ಹೆಚ್ಚು ಹೆದರಿಕೆಯಾಯಿತು.

ಅರ್ಧದಲ್ಲಿ ಕೆಂಪು ಬಾವುಟ ಬಿತ್ತು. ಬೇರೆ ಕಾಲೇಜಿನ ಕಾರೊಂದು ದಾರಿಯಲ್ಲಿ ಕೆಟ್ಟು ನಿಂತಿತ್ತು. ಎಲ್ಲ ಕಾರುಗಳೂ ಸಾಲಾಗಿ ನಿಲ್ಲಬೇಕು, ಓಡಿಸುವವರು ಇಳಿಯಬಾರದು. ಏಪ್ರಿಲ್ ಬಿಸಿಲು ನೆತ್ತಿ ಸುಡುತ್ತಿತ್ತು. ಸಂಗಮನಾಥ ಕೊಡೆ ಹಿಡಿದುಕೊಂಡು ಬಂದು ನೆರಳು ಮಾಡಿದ, ನೀರು ಕುಡಿಸಿದ. ನೋಡಿದವರು ಗೆಳೆಯರೆಂದರೆ ಹೀಗಿರಬೇಕು ಅಂದುಕೊಂಡರು.

ಸಾಬೇರಾ ಬಗ್ಗಿ ಕೇಳಿದಳು. "ಬ್ರೇಕ್ ತಡಾ ಆಗಾಕತ್ತದಲ್ಲ ವಿಶ್ವಾ. ತ್ರಾಸ ಇದ್ರ ಹೇಳು, ಗಾಡಿ ಹಿಂದ ತಗೀತೀನಿ. ಯಾರೂ ಏನೂ ಅನ್ನಂಗಿಲ್ಲ."

ಕಂಬಿಯ ಆಚೆಯಿಂದ ಸೂಗಪ್ಪ ಕೂಗಿದ. "ಮಗಾ, ಸೀಟು ಹ್ಯಾಂಗದ? ನಮ್ಮ ಅಂಗಡಿ ಹೊಲಿಗಿ ಅಂತ ಹೇಳು ಎಲ್ಲಾರಿಗಿ."

"ಭಾಳ ಛಲೋ ಅದ ಅಪ್ಪಾ," ಎಂದ ವಿಶ್ವ.

"ಬೆಲ್ಟು ಸಡಲ ಆಗ್ಯಾವ," ಎಂದು ಸಂಗಮನಾಥ ಕೊಡೆಯನ್ನು ಸಾಬೇರಾಳ ಕೈಗೆ ಕೊಟ್ಟು ಮತ್ತೆ ಮೊಣಕಾಲು ಊರಿದ. ನಿಧಾನವಾಗಿ, ಅಂಗುಲ ಅಂಗುಲವಾಗಿ, ಉಸಿರು ನಿಲ್ಲುವವರೆಗೆ ಎಳೆದ. "ಎಲ್ಲ್ಯಾರ ಚುಚ್ಚತದೇನು?"

"ಇಲ್ಲ."

ಈ ಸಲ ಅವನು ಸುಳ್ಳು ಹೇಳಿರಲಿಲ್ಲ. ಈಗ ಎಲ್ಲಿಯೂ ಚುಚ್ಚುತ್ತಿರಲಿಲ್ಲ. ಹಸಿರು ಬಾವುಟ ಮೇಲೆದ್ದಿತು, ಹಿಂದಿನ ಕಾರುಗಳು ಗುಂಯ್‌ಗುಡತೊಡಗಿದವು. ವಿಶ್ವ ಬಲಗಾಲು ಒತ್ತಿದ, ಕಾರು ಹಾರಿತು. ಮುಂದೆ ಟಯರು ಒಟ್ಟಿದ ಗೋಡೆಯ ಪಕ್ಕದ ತಿರುವು ಹತ್ತಿರವಾಗುತ್ತಿತ್ತು. ಎಡಗಾಲು ಬ್ರೇಕಿನ ಮೇಲೆ ಇದೆಯೋ ಇಲ್ಲವೋ ಎಂದು ಬಗ್ಗಿ ನೋಡಲು ಹೋದ. ಬೆಲ್ಟು ಬಿಡಲಿಲ್ಲ.