ಈಶಮ್ಮನ ಬೇಳೆಯಲ್ಲಿ ಬಿದ್ದ ಹಲ್ಲಿ

ನಾನು ಆ ಹಲ್ಲಿಯನ್ನು ನೋಡಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಪ್ಪತ್ತೆರಡು ವರ್ಷ ವರದಿಗಾರನಾಗಿ ತಿರುಗಿದವನ ಬಾಯಿಂದ ಈ ಒಂದು ಮಾತು ಹೊರಬೀಳಲು ಎಂಟು ದಿನ ಹಿಡಿಯಿತು.

ನನ್ನ ಹೆಸರು ತುಳಸಿರಾಮ. ನಾವು ಖೇಡ ಎಂದೇ ಕರೆಯುವ, ಗಡಿಯ ನಾರಾಯಣಖೇಡದಿಂದ ಒಂದು ತೆಲುಗು ದಿನಪತ್ರಿಕೆಗೆ ಸುದ್ದಿ ಕಳಿಸುತ್ತೇನೆ. ಮನೆಯಲ್ಲಿ ಕನ್ನಡ, ಪೇಪರಿಗೆ ತೆಲುಗು, ಜಗಳಕ್ಕೆ ಉರ್ದು. ನಮ್ಮ ಕಡೆ ಎಲ್ಲರದೂ ಇದೇ ಕತೆ. ಅವತ್ತು ಮಂಗಳವಾರ. ಮನೂರ್ ಕಡೆಯ ಒಂದು ಊರಿನಿಂದ ಫೋನ್ ಬಂತು. ಊರಿನ ಹೆಸರು ಹೇಳುವುದಿಲ್ಲ, ಅದಕ್ಕೆ ನಾನು ಈಗಾಗಲೇ ಸಾಕಷ್ಟು ಹೆಸರು ತಂದುಕೊಟ್ಟಿದ್ದೇನೆ. ಶಾಲೆಯ ಊಟ ಮಾಡಿದ ಹನ್ನೊಂದು ಮಕ್ಕಳಿಗೆ ವಾಂತಿಯಾಗಿದೆ, ಆಸ್ಪತ್ರೆಗೆ ಒಯ್ದಿದ್ದಾರೆ, ಜೀವಕ್ಕೇನೂ ಭಯವಿಲ್ಲ ಎಂಬುದು ಸುದ್ದಿ. "ಬ್ಯಾಳ್ಯಾಗ ಹಲ್ಲಿ ಗಿಲ್ಲಿ ಬಿದ್ದಿರಬೇಕು ನೋಡ್ರಿ" ಎಂದ ಫೋನಿನವನು.

ನಾನು ಬಸ್ ನಿಲ್ದಾಣದ ಎದುರು ಚಹಾ ಕುಡಿಯುತ್ತಿದ್ದೆ. ಆ ಊರಿಗೆ ಒಂದು ಗಂಟೆಯ ದಾರಿ, ಮೇಲೆ ಬಿಸಿಲು. ಅವನು ಹೇಳಿದ "ಬಿದ್ದಿರಬೇಕು" ನನ್ನ ಕೈಯಲ್ಲಿ "ಬಿದ್ದಿದೆ" ಆಯಿತು. ಮರುದಿನ ಜಿಲ್ಲಾ ಪುಟದಲ್ಲಿ ಎಂಟು ಸಾಲು ಬಂತು: ಬೇಳೆಯಲ್ಲಿ ಹಲ್ಲಿ, ಅಡುಗೆಯಾಕೆ ಈಶಮ್ಮನ ನಿರ್ಲಕ್ಷ್ಯ, ಹನ್ನೊಂದು ಮಕ್ಕಳು ಅಸ್ವಸ್ಥ. ಇಷ್ಟು ವರ್ಷಗಳಲ್ಲಿ ನಾನು ಐದು ಶಾಲೆಗಳ ಬೇಳೆಯಲ್ಲಿ ಹಲ್ಲಿ ಬೀಳಿಸಿದ್ದೇನೆ. ಒಂದನ್ನೂ ಕಣ್ಣಿಂದ ಕಂಡಿಲ್ಲ.

ಗುರುವಾರ ಈಶಮ್ಮನನ್ನು ಕೆಲಸಕ್ಕೆ ಬರಬೇಡ ಎಂದರು. ಮುಂದಿನ ಸೋಮವಾರ ಬಿಟ್ಟು ಅದರ ಮರು ಸೋಮವಾರ ವಿಚಾರಣೆ. ಅದೂ ಸುದ್ದಿಯೇ, ನಾಲ್ಕು ಸಾಲು ಕಳಿಸಿದೆ. "ಸುದ್ದಿಯ ಪರಿಣಾಮ" ಎಂದು ಮೇಲೆ ಪಟ್ಟಿ ಕಟ್ಟಿ ಹಾಕಿದರು. ನನಗೆ ಖುಷಿಯೂ ಆಯಿತು, ಸುಳ್ಳೇಕೆ ಹೇಳಲಿ.

ಸುದ್ದಿ ಬಂದ ಎಂಟು ದಿನಕ್ಕೆ, ಗುರುವಾರ, ಸಂಗಾರೆಡ್ಡಿಯಲ್ಲಿರುವ ನಮ್ಮ ಪತ್ರಿಕೆಯ ಡೆಸ್ಕಿನಿಂದ ಕ್ರಾಂತಿಕುಮಾರ ಫೋನ್ ಮಾಡಿದ. ನನ್ನ ಸುದ್ದಿಗಳನ್ನು ತಿದ್ದಿ ಪುಟಕ್ಕೆ ಹಾಕುವವನು ಅವನೇ. ನನಗಿಂತ ಇಪ್ಪತ್ತು ವರ್ಷ ಚಿಕ್ಕವನು, ಅಷ್ಟೇ ಅವಸರದವನು. ಯಾರೋ ಕನ್ನಡದಲ್ಲಿ "ಊರ ಕಾಗದ" ಎಂಬ ಬ್ಲಾಗ್ ಬರೆಯುತ್ತಿದ್ದಾರಂತೆ, ನಮ್ಮ ಸುದ್ದಿ ಸುಳ್ಳು ಎಂದು ಹಾಕಿದ್ದಾರಂತೆ, ಯಾರೆಂದು ನೋಡಿ ಬಾ ಎಂದ. ಅವನು ಕಳಿಸಿದ ಪುಟ ತೆರೆದೆ. ಹಿಂದಿನ ಬುಧವಾರದ ಬರಹದಲ್ಲಿ ಒಂದು ಸಾಲಿತ್ತು: "ಬೇಳೆಯಲ್ಲಿ ಹಲ್ಲಿ ಬಿದ್ದಿತ್ತಂತೆ." ಆ ಸಾಲಿನ ಮೇಲೆ ಉದ್ದಕ್ಕೆ ಗೆರೆ ಎಳೆದಿತ್ತು, ಆದರೆ ಅಕ್ಷರ ಓದಬಹುದಿತ್ತು. ಕೆಳಗೆ ತಾರೀಖು ಹಾಕಿ, "ಇದು ತಪ್ಪು. ಪೇಪರು ನೋಡಿ ಬರೆದೆ, ಕೇಳಿ ಬರೆಯಲಿಲ್ಲ. ಪೂರ್ತಿ ಕಾಗದ ಆಮೇಲೆ" ಎಂದಿತ್ತು.

ನನ್ನ ಮೈ ಉರಿಯಿತು. ಗುರುತಿನ ಚೀಟಿಯಿಲ್ಲ, ಕೇಳುವ ಸಂಪಾದಕನಿಲ್ಲ, ಫೋನ್ ಇದ್ದವರೆಲ್ಲ ಪತ್ರಕರ್ತರಾದರೆ ನಾವು ಯಾಕೆ ಬಿಸಿಲಲ್ಲಿ ಸಾಯಬೇಕು ಎಂದುಕೊಂಡೆ. ಬಿಸಿಲಿಗೆ ಹೆದರಿ ಆ ಊರಿಗೆ ಹೋಗದೆ ಇದ್ದದ್ದು ಆಗ ನೆನಪಾಗಲಿಲ್ಲ. ಶೇರ್ ಆಟೋದಲ್ಲಿ ಒಂಬತ್ತು ಜನರ ನಡುವೆ ತೂರಿಕೊಂಡು ಹೊರಟೆ.

ಬ್ಲಾಗಿನವಳು ಊರಿನ ಅಂಚೆ ಕಚೇರಿಯಲ್ಲಿ ಸಿಕ್ಕಳು. ಹೆಸರು ಧಮ್ಮಶೀಲಾ, ವಯಸ್ಸು ಮೂವತ್ತರ ಆಸುಪಾಸು. ಒಂದೇ ಕೋಣೆಯ ಆ ಕಚೇರಿಗೆ ಪೋಸ್ಟ್ ಮಾಸ್ಟರೂ ಅವಳೇ, ಟಪಾಲು ಹಂಚುವವಳೂ ಅವಳೇ. ಗೋಡೆಯ ಮೇಲೆ ಅಂಬೇಡ್ಕರರ ಚಿತ್ರ, ಪಕ್ಕದಲ್ಲಿ ಖಾಕಿ ಅಂಗಿ ತೊಟ್ಟ ಅವಳ ತಂದೆ ಧಮ್ಮಪಾಲರ ಫೋಟೋ. ನಾನು ಯಾರೆಂದು ಹೇಳಿದೆ. ಅವಳು ಎದ್ದು ಕುರ್ಚಿ ಕೊಟ್ಟಳು.

"ಛಲೋ ಆತು ನೀವೇ ಬಂದ್ರಿ, ಸರ್. ನಾಳೆ ನಾನೇ ಖೇಡಕ್ಕ ಬರೋಳಿದ್ದೆ. ಕಾಗದದಾಗ ನಿಮ್ಮ ಹೆಸರದ. ನಿಮಗ ಓದಿ ಹೇಳಬೇಕಿತ್ತು."

"ನನಗ್ಯಾಕ ಓದಿ ಹೇಳ್ತಿ?"

"ಯಾರ ಮ್ಯಾಲ ಬರದಿರ್ತೀನಿ ಅವರಿಗೆ ಓದಿ ಹೇಳಿ ಆಮೇಲೆ ಹಾಕ್ತೀನ್ರಿ. ನಮ್ಮಪ್ಪ ಪೋಸ್ಟ್‌ಮ್ಯಾನ್ ಇದ್ರು. ಓದಾಕ ಬರದವರ ಕಾಗದ ಅವರೇ ಓದಿ ಹೇಳತಿದ್ರು. ಕೈಯಾಗ ಕೊಟ್ರ ಮುಟ್ಟಿದಂಗಲ್ಲ, ಓದಿ ಹೇಳಿದ ಮ್ಯಾಲೇ ಮುಟ್ಟಿದಂಗ ಅಂತಿದ್ರು. ಈಗ ಕಾಗದ ಯಾರೂ ಬರಿಯಂಗಿಲ್ಲ. ಬೀದರಿಗೆ, ಜಹೀರಾಬಾದಿಗೆ ಕೊಟ್ಟ ಹೆಣ್ಮಕ್ಕಳು ಊರಿನ ಸುದ್ದಿ ಕೇಳತಿದ್ರು, ಅದಕ್ಕ ನಾ ಸುರು ಮಾಡ್ದೆ. ಊರಾಗ ಕನ್ನಡ ಮಾತಾಡೋರೇ ಎಲ್ಲ, ಓದಾಕ ಬರೋದು ನಾಕೈದು ಮಂದಿಗೆ. ಓದಿ ಹೇಳ್ಲಿಲ್ಲಂದ್ರ ಅವರ ಬೆನ್ನ ಹಿಂದ ಮಾತಾಡಿದಂಗ ಆಗ್ತದ."

ನಾನು ನಕ್ಕೆ. ನಮ್ಮಲ್ಲಿ ಮೊದಲ ಪಾಠವೇ ಇದು: ಸುದ್ದಿಯನ್ನು ಅಚ್ಚಾಗುವ ಮೊದಲು ಅದರಲ್ಲಿರುವವನಿಗೆ ತೋರಿಸಬಾರದು. ತೋರಿಸಿದರೆ ದೊಡ್ಡವರು ತಿದ್ದಿಸುತ್ತಾರೆ. ಅದನ್ನೇ ಹೇಳಿದೆ.

"ಖರೆ ಅದರಿ. ಹೋದ ವರ್ಷ ನೀರಿನ ಟಾಕಿ ಮ್ಯಾಲ ಬರದಾಗ ಒಬ್ಬ ದೊಡ್ಡವರು ಎರಡು ಸಾಲು ತಗೀ ಅಂದ್ರು. ನಾ ತಗೀಲಿಲ್ಲ. ತಗೀ ಅಂದ್ರು ಅಂತ ಇನ್ನೊಂದು ಸಾಲು ಬರದೆ."

ನಾನು ಎರಡು ಸಾಲಲ್ಲ, ಪೂರಾ ಸುದ್ದಿಯನ್ನೇ ತೆಗೆದದ್ದುಂಟು.

ಅವಳು ನೋಟ್‌ಬುಕ್ ತೆರೆದು ನಡೆದದ್ದನ್ನು ಹೇಳಿದಳು. ಬುಧವಾರ ನನ್ನ ಸುದ್ದಿ ಓದಿ ಅವಳು ತನ್ನ ಕಾಗದ ಬರೆದಳು. ನಾಲ್ಕು ವರ್ಷದಲ್ಲಿ ಮೊದಲ ಸಲ, ಯಾರ ಮೇಲೆ ಬರೆದಳೋ ಅವರಿಗೆ ಓದಿ ಹೇಳದೆ ಹಾಕಿದಳು. "ಪೇಪರಿನ್ಯಾಗೇ ಬಂದದಲ್ಲ, ಇನ್ನೇನು ಕೇಳೋದು ಅನ್ಸಿತ್ರಿ" ಎಂದಳು. ರಾತ್ರಿ ನಿದ್ದೆ ಬರಲಿಲ್ಲವಂತೆ. ಮರುದಿನ ಮಕ್ಕಳ ಮನೆಗಳಿಗೆ ಹೋಗಿ ಓದತೊಡಗಿದಳು, ಹನ್ನೊಂದು ಮನೆ. ಏಳನೆಯ ಮನೆಯಲ್ಲಿ ಮನೀಷಾ ಎಂಬ ಎಂಟು ವರ್ಷದ ಹುಡುಗಿ, ಈಶಮ್ಮನ ಕೆಲಸ ಹೋಯಿತು ಎಂದು ಹೊಸದಾಗಿ ಸೇರಿಸಿದ ಸಾಲು ಕೇಳುತ್ತಲೇ ತಾಯಿಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಶಾಲೆಯ ಹಿಂದಿನ ಬೇಲಿಯಲ್ಲಿ ಕಾಡು ಹರಳಿನ ಗಿಡಗಳಿವೆ. ಊಟದ ಮೊದಲು ಹನ್ನೊಂದು ಮಂದಿ ಅದರ ಬೀಜ ಒಡೆದು ತಿಂದಿದ್ದರು. ಬಾದಾಮಿಯಂತೆ ಸಿಹಿಯಿತ್ತಂತೆ. ಹೊಡೆತ ಬೀಳುತ್ತದೆಂದು ಯಾರೂ ಬಾಯಿ ಬಿಟ್ಟಿರಲಿಲ್ಲ. ಅದೇ ಬೇಳೆ ಉಂಡ ಉಳಿದ ಐವತ್ತು ಮಕ್ಕಳಿಗೆ ಏನೂ ಆಗಿರಲಿಲ್ಲ. ಈ ಐವತ್ತರ ಲೆಕ್ಕ ನಾನು ಕೇಳಿಯೇ ಇರಲಿಲ್ಲ.

ನಾನು ಆ ನೋಟ್‌ಬುಕ್ಕನ್ನೇ ನೋಡುತ್ತ ಕುಳಿತೆ. ಹನ್ನೊಂದು ಹೆಸರು, ಪ್ರತಿ ಹೆಸರಿನ ಮುಂದೆ ಆ ಮನೆಯವರು ಹೇಳಿದ ಮಾತು, ಹೇಳಿದ ಹಾಗೆಯೇ. ಯಾರೂ ಕಳಿಸಿರಲಿಲ್ಲ, ಯಾರೂ ಕೇಳಿರಲಿಲ್ಲ, ಓದುವವರು ಇನ್ನೂರು ಜನವಿಲ್ಲ. ಬೆರಗಾದೆ. ಬೆರಗಿನ ಜೊತೆ ಸಣ್ಣ ಹೊಟ್ಟೆಕಿಚ್ಚೂ ಇತ್ತು.

ಆದರೂ ಹಳೆಯ ಚಾಳಿ ಎದ್ದಿತು. "ಡಾಕ್ಟರಿಗೆ ಕೇಳಿಯೇನು?" ಎಂದೆ.

"ಇಲ್ರಿ," ಎಂದಳು. "ಅದು ನನಗ ಹೊಳೀಲಿಲ್ಲ. ಮಂದಿ ಹೇಳಿದ್ದು ಬರದೀನಿ, ಅಷ್ಟೇ."

ಆ ಬೇಲಿಯಿಂದ ಅವಳು ತಂದು ಮೇಜಿನ ಮೇಲಿಟ್ಟಿದ್ದ ಬೀಜಗಳಲ್ಲಿ ನಾಲ್ಕನ್ನು ಜೇಬಿಗೆ ಹಾಕಿಕೊಂಡೆ. ಅವಳು ಬ್ಯಾಗು ಹೆಗಲಿಗೇರಿಸಿ, "ಇನ್ನೊಂದು ಮನಿ ಉಳದದ. ಬರ್ರಿ" ಎಂದಳು. ಯಾರ ಮನೆ ಎಂದು ಕೇಳುವ ಧೈರ್ಯ ಆಗಲಿಲ್ಲ.

ಈಶಮ್ಮ ಅಂಗಳದಲ್ಲಿ ಕೂತು ತೊಗರಿ ಹಸನು ಮಾಡುತ್ತಿದ್ದಳು. ಐವತ್ತು ದಾಟಿದ, ತೆಳ್ಳಗಿನ ಹೆಂಗಸು. ಧಮ್ಮಶೀಲಾ ಎದುರಿಗೆ ಕೂತು ಮೊದಲಿನಿಂದ ಓದಿದಳು. ತಾನು ಕೇಳದೆ ಬರೆದ ಸಾಲನ್ನೂ ಬಿಡಲಿಲ್ಲ, ಅದಕ್ಕೆ ಕ್ಷಮೆ ಕೇಳಿದ ಸಾಲನ್ನೂ ಬಿಡಲಿಲ್ಲ. ಮನೀಷಾಳ ಮಾತು ಓದಿದಳು. ಆಮೇಲೆ ಅದೇ ದನಿಯಲ್ಲಿ, "ಪೇಪರಿನ ಸುದ್ದಿ ಬರೆದವರು ತುಳಸಿರಾಮ. ಅವರು ಅವತ್ತು ನಮ್ಮ ಊರಿಗೆ ಬಂದಿರಲಿಲ್ಲ" ಎಂದು ಓದಿ, ನನ್ನ ಕಡೆ ಕೈ ತೋರಿಸಿದಳು.

"ಚಿಗವ್ವಾ, ಇವರೇ ಅವರು."

ಬೈಗುಳಕ್ಕೆ ತಯಾರಾದೆ. ಇಪ್ಪತ್ತೆರಡು ವರ್ಷದಲ್ಲಿ ಬೈಸಿಕೊಂಡು ಅಭ್ಯಾಸವಿದೆ. ಈಶಮ್ಮ ಮೊರ ಕೆಳಗಿಟ್ಟು ನನ್ನ ಕಡೆ ತಿರುಗಿದಳು.

"ಅಣ್ಣಾ, ಆ ಹಲ್ಲಿ ಎಷ್ಟು ದೊಡ್ಡದಿತ್ರಿ?"

ಕೊಂಕಿರಲಿಲ್ಲ. ಅವಳಿಗೆ ನಿಜವಾಗಿ ತಿಳಿಯಬೇಕಿತ್ತು.

"ನಾ ನೋಡಿಲ್ಲವ್ವಾ," ಎಂದೆ.

"ನಾನೂ ನೋಡಿಲ್ರಿ. ಆದ್ರ ಪೇಪರಿನ್ಯಾಗ ಬಂದದ ಅಂದ್ರ ಬಿದ್ದಿರಬೇಕು, ನನ್ನ ಕಣ್ಣೇ ಮಂಜಾಗ್ಯಾವ ಅಂದ್ಕೊಂಡೆ. ಬೋಗಾಣಿ ಮೂರು ಸಲ ತಿಕ್ಕಿ ನೋಡ್ದೆ. ಬಾಲ ಆದ್ರೂ ಸಿಗ್ತದೇನಂತ ಚರಗೀ ಗಟ್ಲೆ ನೀರು ಹೊಯ್ದು ಮೋರಿ ಕೆದರಿ ನೋಡ್ದೆ. ಎಂಟು ದಿನ ಆತು, ನನ್ನ ಕೈಯಿಂದ ಮಾಡಿದ್ದು ನನಗೇ ಗಂಟಲಾಗ ಇಳಿಯವಲ್ದು."

ನಾನು ಬರೆದದ್ದನ್ನು ಯಾರೂ ಅಷ್ಟಾಗಿ ನಂಬುವುದಿಲ್ಲ ಎಂಬ ಧೈರ್ಯದಲ್ಲೇ ನಾನು ಇಷ್ಟು ವರ್ಷ ಬರೆದಿದ್ದೆ. ಇಲ್ಲಿ ಒಬ್ಬ ಹೆಂಗಸು ತನ್ನ ಎರಡು ಕಣ್ಣುಗಳಿಗಿಂತ ನನ್ನ ಎಂಟು ಸಾಲುಗಳನ್ನು ಹೆಚ್ಚು ನಂಬಿದ್ದಳು. ಆ ನಂಬಿಕೆ ಅಷ್ಟು ದೊಡ್ಡದಿತ್ತು, ಅದರ ಎದುರು ತಲೆ ಎತ್ತಿ ಕೂರಲು ನನ್ನಿಂದಾಗಲಿಲ್ಲ.

"ಈಗ ಖರೇ ಏನಂತ ತಿಳೀತಲ್ಲ ಚಿಗವ್ವಾ. ಇವತ್ತೇ ಹಾಕ್ತೀನಿ," ಎಂದಳು ಧಮ್ಮಶೀಲಾ.

"ನೀ ಹಾಕವ್ವಾ. ಆದ್ರ ಸೋಮವಾರ ಸಾಹೇಬ್ರ ಮುಂದ ಇರೋದು ಪೇಪರು. ಪೇಪರಿನ್ಯಾಗ ಬಂದದ್ದು ಪೇಪರಿನ್ಯಾಗೇ ಹೋಗಬೇಕಲ್ಲ."

ಧಮ್ಮಶೀಲಾ ನೋಟ್‌ಬುಕ್ ಮುಚ್ಚಿದಳು. ಹನ್ನೊಂದು ಮನೆ ತಿರುಗಿ ನಿಜ ತಂದವಳು ಅವಳು. ಆ ನಿಜಕ್ಕೆ ವಿಚಾರಣೆಯ ಮೇಜಿನ ಮೇಲೆ ಜಾಗ ಕೊಡಿಸುವ ಕೆಲಸ ಮಾತ್ರ ನನ್ನ ಪಾಲಿಗೆ ಉಳಿದಿತ್ತು. ಅಲ್ಲೇ ಅಂಗಳದಲ್ಲಿ ಕೂತು ನಾಲ್ಕು ಸಾಲು ಬರೆದೆ. ಜೀವನದಲ್ಲಿ ಮೊದಲ ಸಲ, ಕಳಿಸುವ ಮೊದಲು ಕನ್ನಡದಲ್ಲಿ ಓದಿ ಹೇಳಿದೆ: "ಬೇಳೆಯಲ್ಲಿ ಹಲ್ಲಿ ಬಿದ್ದಿರಲಿಲ್ಲ ಎಂದು ಅಡುಗೆಯಾಕೆ ಈಶಮ್ಮ ತಿಳಿಸಿದ್ದಾರೆ."

ಈಶಮ್ಮ ತಲೆ ಅಲ್ಲಾಡಿಸಿದಳು. "ನಾ ತಿಳಿಸೀನಿ ಅಂತ ಯಾಕ ಬರೀತೀರಿ ಅಣ್ಣಾ? ನೀವು ನೋಡಿಲ್ಲಂತ ಬರೀರಿ."

ಧಮ್ಮಶೀಲಾ ನೆಲ ನೋಡುತ್ತಿದ್ದಳು. ನಗುತ್ತಿದ್ದಳೋ ಏನೋ, ನಾನು ವಿಚಾರಿಸಲಿಲ್ಲ. ಆ ಸಾಲು ಹೊಡೆದುಹಾಕಿ ಹೊಸದಾಗಿ ಬರೆದೆ.

ಸಂಜೆ ಖೇಡದ ಆಸ್ಪತ್ರೆಗೆ ಹೋಗಿ ಡಾಕ್ಟರಿಗೆ ಬೀಜ ತೋರಿಸಿದೆ. ಮಕ್ಕಳ ವಾಂತಿಗೆ ಇದು ಸಾಕು, ಅವತ್ತೇ ಯಾರಾದರೂ ಹೇಳಿದ್ದರೆ ಚೀಟಿಯಲ್ಲಿ ಬರೆಯುತ್ತಿದ್ದೆ ಎಂದರು. ಧಮ್ಮಶೀಲಾಳಿಗೆ ಫೋನ್ ಮಾಡಿ ಇದನ್ನು ತಿಳಿಸಿದೆ. ಅವಳು ಡಾಕ್ಟರ ಹೆಸರು, ಅವರು ಹೇಳಿದ ಹೊತ್ತು ಕೇಳಿ ಬರೆದುಕೊಂಡಳು. ಆಮೇಲೆ ನಾನು ಸುದ್ದಿ ಕಳಿಸಿದೆ. ಅರ್ಧ ಗಂಟೆಗೆ ಕ್ರಾಂತಿಕುಮಾರನ ಫೋನ್ ಬಂತು. ಜಿಲ್ಲಾ ಪುಟದಲ್ಲಿ ಇಂಥದ್ದು ಹಾಕುವ ಪದ್ಧತಿಯಿಲ್ಲ, ಒಮ್ಮೆ ತಪ್ಪಾಯಿತು ಎಂದರೆ ಜನ ನಾಳೆಯದನ್ನೂ ನಂಬುವುದಿಲ್ಲ, ಹೊಸ ಸುದ್ದಿಯ ಹಾಗೆ ಬರೆದು ಕಳಿಸು, ಹಳೆಯದನ್ನು ಎತ್ತಬೇಡ ಎಂದ. ಹಾಕದಿದ್ದರೆ ನನ್ನ ಗುರುತಿನ ಚೀಟಿ ನಾಳೆ ನಿನ್ನ ಮೇಜಿನ ಮೇಲಿರುತ್ತದೆ ಎಂದೆ. ಹೇಳಿದ ಮೇಲೆ ಹೆದರಿಕೆಯಾಯಿತು. ಆ ಚೀಟಿಯಿಲ್ಲದಿದ್ದರೆ ಖೇಡದಲ್ಲಿ ನನಗೆ ಯಾರೂ ಕುರ್ಚಿ ಹಾಕುವುದಿಲ್ಲ.

ಶುಕ್ರವಾರ ಬರಲಿಲ್ಲ. ಶನಿವಾರವೂ ಬರಲಿಲ್ಲ. ಚೀಟಿಯನ್ನು ಲಕೋಟೆಗೆ ಹಾಕಿ ವಿಳಾಸ ಬರೆದಿಟ್ಟೆ. ಭಾನುವಾರ ಜಿಲ್ಲಾ ಪುಟದ ಕೆಳ ಮೂಲೆಯಲ್ಲಿ, ಕೊಳವೆ ಬಾವಿಯ ಜಾಹೀರಾತಿನ ಮೇಲೆ ಬಂದಿತ್ತು: "ಮನೂರ್ ಮಂಡಲದ ಶಾಲೆಯ ಬೇಳೆಯಲ್ಲಿ ಹಲ್ಲಿ ಬಿದ್ದಿತ್ತು ಎಂದು ಬರೆದದ್ದು ತಪ್ಪು. ವರದಿಗಾರ ಅದನ್ನು ನೋಡಿರಲಿಲ್ಲ, ಊರಿಗೂ ಹೋಗಿರಲಿಲ್ಲ. ಮಕ್ಕಳು ಕಾಡು ಹರಳಿನ ಬೀಜ ತಿಂದಿದ್ದರು. ಇದನ್ನು ಮನೆಮನೆಗೆ ಹೋಗಿ ಪತ್ತೆ ಹಚ್ಚಿದವರು ‘ಊರ ಕಾಗದ’ದ ಧಮ್ಮಶೀಲಾ." ಒಂದು ಅಕ್ಷರವನ್ನೂ ಕ್ರಾಂತಿಕುಮಾರ ತಿದ್ದಿರಲಿಲ್ಲ.

ಸೋಮವಾರದ ವಿಚಾರಣೆ ಹತ್ತು ನಿಮಿಷದಲ್ಲಿ ಮುಗಿಯಿತು. ಅಧಿಕಾರಿ ಆ ತುಣುಕನ್ನು ಫೈಲಿಗೆ ಅಂಟಿಸಿ, ನಾಳೆಯಿಂದ ಕೆಲಸಕ್ಕೆ ಹೋಗು ಎಂದರು. ಹೊರಗೆ ಬಂದ ಈಶಮ್ಮ ನನಗೆ ಕೈ ಮುಗಿಯಲಿಲ್ಲ, ಥ್ಯಾಂಕ್ಸೂ ಹೇಳಲಿಲ್ಲ. "ನಾಳೆ ಶಾಲಿಗಿ ಬರ್ರಿ, ಹನ್ನೆರಡಕ್ಕ," ಎಂದಷ್ಟೇ ಹೇಳಿ ಆಟೋ ಹತ್ತಿದಳು.

ಹೋದೆ. ಬಿಸಿಲು ಅಷ್ಟೇ ಇತ್ತು. ಧಮ್ಮಶೀಲಾ ಬ್ಯಾಗು ಹಾಕಿಕೊಂಡು ಬೇಲಿಯ ಹತ್ತಿರ ನಿಂತಿದ್ದಳು; ಕಾಡು ಹರಳಿನ ಗಿಡಗಳನ್ನು ಕಡಿದು ಒಟ್ಟಿದ್ದರು. ಮಕ್ಕಳು ತಟ್ಟೆ ಹಿಡಿದು ಸಾಲಾಗಿ ಕೂತಿದ್ದರು, ಮನೀಷಾ ಎಲ್ಲರಿಗಿಂತ ಮುಂದೆ. ಈಶಮ್ಮ ಬಡಿಸಲು ಬಗ್ಗಿದವಳು ನೆಟ್ಟಗೆ ನಿಂತು ನನ್ನನ್ನು ಕರೆದಳು. ಬೋಗುಣಿಯ ಮುಚ್ಚಳ ತೆಗೆದು ಪಕ್ಕಕ್ಕೆ ಸರಿದಳು.

"ನೋಡ್ರಿ ಅಣ್ಣಾ," ಎಂದಳು.

ಹಬೆ ಮುಖಕ್ಕೆ ಬಡಿಯಿತು. ಕನ್ನಡಕ ತೆಗೆದು ಒರೆಸಿ, ಬಗ್ಗಿ, ಸೌಟು ತಳದವರೆಗೆ ಆಡಿಸಿ ನೋಡಿದೆ. ಅರವತ್ತೊಂದು ಮಕ್ಕಳು ಸುಮ್ಮನೆ ಕಾಯುತ್ತಿದ್ದರು. ಬೇಳೆ ಇತ್ತು, ಕರಿಬೇವು ಇತ್ತು, ಎರಡು ಒಣ ಮೆಣಸಿನಕಾಯಿ ಇದ್ದವು.

"ಏನೂ ಇಲ್ಲವ್ವಾ," ಎಂದೆ. ಈಶಮ್ಮ ಒಂದು ತಟ್ಟೆಯಲ್ಲಿ ಅನ್ನ ಹಾಕಿ ಮೇಲೆ ಬೇಳೆ ಸುರಿದುಕೊಂಡಳು. ಮಕ್ಕಳಿಗಿಂತ ಮೊದಲು, ಎಲ್ಲರೂ ನೋಡುವಂತೆ ಅಲ್ಲೇ ಕೂತು, ತುತ್ತು ಕಲಸಿ ಬಾಯಿಗಿಟ್ಟುಕೊಂಡಳು.