ಸುಟ್ಟ ತಗಡಿನ ಮೇಲಿನ ಚುಕ್ಕಿ

ಎಂಬತ್ನಾಲ್ಕನೇ ಇಸವಿಯಲ್ಲಿ ತುಮಕೂರಿನ ಸತ್ಯಮಂಗಲದ ಕಡೆ ಈಗಿನಷ್ಟು ಕೈಗಾರಿಕೆ ಶೆಡ್ಡುಗಳಿರಲಿಲ್ಲ. ಇದ್ದ ನಾಲ್ಕಾರರಲ್ಲಿ ಒಂದು ಮೆಹಬೂಬ್ ಪಾಷಾ ಅವರದು. ಸೈಕಲ್ ಹ್ಯಾಂಡಲ್ಲೋ ಸ್ಟವ್ ಬರ್ನರೋ, ಏನು ಕೊಟ್ಟರೂ ಹಸಿರು ಬಣ್ಣದ ನಿಕ್ಕಲ್ ನೀರಿನ ತೊಟ್ಟಿಯಲ್ಲಿ ಇಳಿಬಿಟ್ಟು, ಹದವಾಗಿ ಕರೆಂಟು ಕೊಟ್ಟು, ಮುಖ ಕಾಣುವ ಹಾಗೆ ಹೊಳಪು ಕೂರಿಸಿ ಕೊಡುತ್ತಿದ್ದರು.

ಅವರು ಈ ಕೆಲಸ ಕಲಿತದ್ದು ಕುಣಿಗಲ್‌ನಲ್ಲಿ, ಕುದುರೆ ಕಡಿವಾಣಗಳಿಗೆ ನಿಕ್ಕಲ್ ಹಾಕುತ್ತಿದ್ದ ಉಸ್ತಾದರ ಹತ್ತಿರ. ಉಸ್ತಾದರದು ಒಂದು ಕಟ್ಟಳೆ. ಕೆಲಸ ಮುಗಿದ ಕಡಿವಾಣವನ್ನು ಮೂರು ನೀರಿನಲ್ಲಿ ತೊಳೆದು, ಮಾಡಿದವನೇ ತನ್ನ ತುಟಿಗೆ ಒತ್ತಿ ಎಳೆದುಕೊಳ್ಳಬೇಕು. "ನಿನ್ ತುಟಿಗೆ ತರಚಿದ್ದು ಕುದುರೆ ನಾಲಿಗೆಗೆ ತರಚಲ್ವೇನೋ? ಮೂಕ ಪ್ರಾಣಿ, ಅದು ಯಾರತ್ರ ಹೋಗಿ ಹೇಳ್ಕೊಳ್ತದೆ?" ಅನ್ನುತ್ತಿದ್ದರು. ತುಟಿ ಒಪ್ಪಿದ ಮೇಲೆಯೇ ಉಳಿಮೊಳೆಯಿಂದ ಅಂಚಿನಲ್ಲಿ ಒಂದು ಚುಕ್ಕಿ. ಚುಕ್ಕಿ ಬಿತ್ತೆಂದರೆ ಅದು ನನ್ನ ಕೆಲಸ ಎಂದು ಎದೆ ಮುಟ್ಟಿ ಹೇಳಿದ ಹಾಗೆ.

ಪಾಷಾ ಆ ಕಟ್ಟಳೆಯನ್ನು ಬಿಡಲಿಲ್ಲ. ಸೈಕಲ್ ಗಂಟೆಯ ಬಟ್ಟಲಾದರೂ ತುಟಿಗೆ ಮುಟ್ಟಿಸಿಯೇ ಕೊಡುವುದು. ಕರೆಂಟು ಹೆಚ್ಚಾದರೆ ನಿಕ್ಕಲ್ ಕಪ್ಪಗೆ, ಒರಟೊರಟಾಗಿ ಕೂರುತ್ತದೆ. ಕಸುಬಿನವರು ಅದನ್ನು ಸುಟ್ಟ ಮಾಲು ಅನ್ನುತ್ತಾರೆ. ನಲವತ್ತು ವರ್ಷದಲ್ಲಿ ಒಂದೇ ಒಂದು ಸುಟ್ಟ ಮಾಲು ಅವರ ಬಾಗಿಲು ದಾಟಿರಲಿಲ್ಲ. ಅಪರೂಪಕ್ಕೆ ಸುಟ್ಟರೆ ಮೂಲೆಯ ಬಕೆಟ್ಟಿಗೆ ಹಾಕಿ, ಮೇಲೆ ಗೋಣಿಚೀಲ ಮುಚ್ಚಿಬಿಡುತ್ತಿದ್ದರು.

ಅಂಥವರ ಶೆಡ್ಡಿಗೆ ಸಿದ್ದಲಕ್ಷ್ಮಮ್ಮ ಬಂದಳು. ಗುಬ್ಬಿಯವಳು, ದಿನಾ ರೈಲಿನಲ್ಲಿ ತುಮಕೂರಿಗೆ ಬಂದು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಹೇಳುತ್ತಿದ್ದಳು. ಕೈಯಲ್ಲಿ ಬೆರಳಗಲದ ಕಬ್ಬಿಣದ ತಗಡುಗಳು.

"ಇದಕ್ಕೆ ನಿಕ್ಕಲ್ ಹಾಕ್ಕೊಡಿ ಪಾಷಾ ಸಾಬ್ರೆ. ನೀರೊಳಗಿಂದ ಗ್ಯಾಸ್ ತೆಗೀಬೇಕು."

"ನೀರೊಳಗೆ ಗ್ಯಾಸಾ? ಟೀಚರಮ್ಮ, ಬೆಳಗ್ಗೆ ತಿಂಡಿ ತಿಂದಿದ್ದೀರಾ ಇಲ್ವಾ?"

ಅವಳು ನಕ್ಕು, ಬೆಂಚಿನ ಮೇಲೆ ಕೂತು ಬಿಡಿಸಿ ಹೇಳಿದಳು. ನೀರಿಗೆ ಕರೆಂಟು ಹಾಯಿಸಿದರೆ ಅದು ಒಡೆದು ಹೈಡ್ರೋಜನ್ ಬರುತ್ತದೆ, ಅದು ಹೊಗೆಯಿಲ್ಲದೆ ಉರಿಯುತ್ತದೆ. ಆದರೆ ಬರೀ ತಗಡಾದರೆ ಕರೆಂಟನ್ನು ಸುಮ್ಮನೆ ತಿನ್ನುತ್ತದೆ. ಪ್ಲಾಟಿನಂ ಆದರೆ ಸ್ವಲ್ಪದರಲ್ಲೇ ಕೆಲಸ ಮಾಡಿಸುತ್ತದೆ, ತಾನು ಮಾತ್ರ ಸವೆಯುವುದಿಲ್ಲ.

"ಸೂಲಗಿತ್ತಿ ಇದ್ದಂಗೆ," ಅಂದರು ಪಾಷಾ. "ಹೆರಿಗೆ ಮಾಡಿಸ್ತಾಳೆ, ಮಗು ಅವಳದಲ್ಲ."

"ಹೂಂ, ಅದೇ! ಆದ್ರೆ ಈ ಸೂಲಗಿತ್ತಿ ಚಿನ್ನಕ್ಕಿಂತ ದುಬಾರಿ. ಉಗುರಿನಷ್ಟು ಪ್ಲಾಟಿನಂನ ಬೆಂಗಳೂರಲ್ಲಿರೋ ನಮ್ಮ ಪಿಎಚ್.ಡಿ. ಗೈಡು ಸಾಲ ಕೊಟ್ಟವ್ರೆ. ಬರೋ ಸೋಮವಾರ ವಾಪಸ್ ಕೊಡಬೇಕು. ಅಷ್ಟರಲ್ಲಿ ನಿಕ್ಕಲ್ ತಗಡಲ್ಲಿ ಮಾಡಿ ತೋರಿಸ್ಲಿಲ್ಲ ಅಂದ್ರೆ ಬೇರೆ ಟಾಪಿಕ್ ಹಿಡಿ ಅಂತಾರೆ. ನಾಲ್ಕು ವರ್ಷದ ಕೆಲಸ."

ಪಾಷಾ ಮಾಡಿಕೊಟ್ಟರು. ತಗಡು ಕನ್ನಡಿಯಂತಿತ್ತು. ಎರಡು ದಿನ ಬಿಟ್ಟು ಅವಳು ಬಂದು, ಗುಳ್ಳೆ ಸಾಕಾಗಲಿಲ್ಲ ಅಂದಳು. ಅವರು ಇನ್ನೂ ನುಣುಪಾಗಿ ಮಾಡಿದರು. ಗುಳ್ಳೆ ಇನ್ನೂ ಕಮ್ಮಿಯಾಯಿತು. ಹೊಳಪೇ ತಪ್ಪು ಎಂಬ ಅನುಮಾನ ಅವಳಿಗೆ ಹುಟ್ಟಿತ್ತು, ಆದರೆ ಪಾಷಾ ಅವರ ಮುಖ ನೋಡಿ ಹೇಳಲು ಬಾಯಿ ಬರಲಿಲ್ಲ.

ಮೂರನೇ ಸಲ ತಗಡು ತೊಟ್ಟಿಯಲ್ಲಿತ್ತು. ಅವಳು ಮಾತಿನ ಮಧ್ಯೆ ತನ್ನ ತಾಯಿ ರೇವಮ್ಮನ ವಿಚಾರ ತೆಗೆದಳು. ಹಸಿ ಸೌದೆ ಊದಿ ಊದಿ ಅವಳ ಕಣ್ಣು ಮಂಜಾಗಿದ್ದು, ಮಗಳನ್ನು ಕೈಯಿಂದ ಮುಟ್ಟಿ ನೋಡಿ "ಬಂದ್ಯೇನೇ?" ಅನ್ನುವುದು. ಪಾಷಾ ಕೇಳುತ್ತಾ ಮೈಮರೆತರು. ಅಷ್ಟರಲ್ಲಿ ಲೈನಿನಲ್ಲಿ ಕರೆಂಟು ಏರಿತ್ತು. ತಗಡು ಎತ್ತಿದರೆ ಇದ್ದಿಲಿನ ಹಾಗಿತ್ತು. ಅವರು ಅದನ್ನು ಅವಳಿಗೆ ಕಾಣದಂತೆ ಬಕೆಟ್ಟಿಗೆ ಹಾಕಿ, ಹೊಸ ತಗಡು ತರಲು ಹಿಂದಕ್ಕೆ ಹೋದರು.

ಅವಳಿಗೆ ಕಂಡಿತ್ತು. ಗೋಣಿಚೀಲ ಸರಿಸಿ ಅದನ್ನು ಎತ್ತಿ ಬ್ಯಾಗಿಗೆ ಹಾಕಿಕೊಂಡಳು.

ಶುಕ್ರವಾರ ಬೆಳಗ್ಗೆ ಏದುಸಿರು ಬಿಡುತ್ತಾ ಬಂದಳು. ಒಂದು ಗಾಜಿನ ಲೋಟ, ಕಾಸ್ಟಿಕ್ ಸೋಡಾ ಬೆರೆಸಿದ ನೀರು, ಎರಡೇ ವೋಲ್ಟಿನ ಬ್ಯಾಟರಿ. ಹೊಳೆಯುವ ತಗಡು ಇಳಿಬಿಟ್ಟಾಗ ಅಲ್ಲೊಂದು ಇಲ್ಲೊಂದು ಗುಳ್ಳೆ ಎದ್ದವು. ಕಪ್ಪು ತಗಡು ಇಳಿಬಿಟ್ಟಾಗ ಲೋಟವೇ ಹಾಲಿನಂತೆ ಬೆಳ್ಳಗಾಯಿತು, ಅಷ್ಟು ಗುಳ್ಳೆ.

ಪಾಷಾ ಗುಳ್ಳೆ ನೋಡಲಿಲ್ಲ. ತಗಡು ನೋಡಿದರು.

"ಇದು ನಿಮ್ಮ ಕೈಗೆ ಹೆಂಗೆ ಬಂತಮ್ಮ?"

"ಬಕೆಟ್ಟಿಂದ ತಗೊಂಡೆ. ಕೇಳ್ದೆ ತಗೊಂಡಿದ್ದು ತಪ್ಪೇ. ಆದ್ರೆ ನಿನ್ನೆ ಸಂಜೆಯಿಂದ ಕಪ್ಪು ಉದುರ್ತಾ ಇದೆ, ಮಸಿ ಥರ. ಸೋಮವಾರದವರೆಗೆ ನಿಲ್ಲಲ್ಲ. ಉದುರದೆ ಇರೋ ಹಂಗೆ ಸುಟ್ಟುಕೊಡಿ ಪಾಷಾ ಸಾಬ್ರೆ. ಅದು ನಿಮ್ಮೊಬ್ಬರಿಂದಲೇ ಆಗೋದು."

"ಬೇಕೂಂತ ಸುಡಬೇಕಾ? ಸುಟ್ಟು, ಬೆಂಗಳೂರಿಗೆ ಕಳಿಸಬೇಕಾ?" ಅವರ ದನಿ ಏರಲಿಲ್ಲ, ಇನ್ನೂ ತಗ್ಗಿತು. "ಈ ಶೆಡ್ಡಿಂದ ಸುಟ್ಟ ಮಾಲು ಹೋದ್ರೆ ನನ್ನ ಹೆಸರೇನು ಉಳೀತದೆ? ಆಗಲ್ಲ ತಾಯಿ. ಬೇರೆ ಕಡೆ ನೋಡ್ಕೊಳ್ಳಿ."

ಅವಳು ಸಾಮಾನು ಎತ್ತಿಕೊಂಡು ಹೋದಳು. ಲೋಟವನ್ನು ಮಾತ್ರ ಮರೆತಿದ್ದಳು.

ಸಂಜೆ ಮರಳೂರಿನ ಮನೆಯಲ್ಲಿ ಪಾಷಾ ಟೀ ಮುಟ್ಟದೆ ಕೂತಿದ್ದರು. ಹೆಂಡತಿ ಜಮಾಲುನ್ನೀಸಾ ಹಿತ್ತಲಲ್ಲಿ ಮಸಾಲೆ ಅರೆಯುತ್ತಾ ಅವರು ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು.

"ಇಲ್ಬನ್ನಿ," ಅಂದಳು. "ಈ ಕಲ್ಲು ಮುಟ್ಟಿ."

ಮುಟ್ಟಿದರು. ಬೆರಳಿಗೆ ಮುಳ್ಳುಮುಳ್ಳಾಗಿ ತಾಗಿತು.

"ಮಧ್ಯಾಹ್ನ ಕಲ್ಲು ಕಟೆಯೋ ಹೊಂಬಾಳಮ್ಮ ಬಂದಿದ್ಲು, ಉಳಿ ಏಟು ಹಾಕಿಸ್ದೆ. ಹೋದ ವಾರ ಎಷ್ಟು ನುಣ್ಣಗಿತ್ತು ಗೊತ್ತಾ? ಮೆಣಸಿನಕಾಯಿ ಜಾರ್ತಿತ್ತೇ ಹೊರತು ಅರೀತಿರ್ಲಿಲ್ಲ. ಸಾರಲ್ಲಿ ಸಿಪ್ಪೆ ಸಿಕ್ತು ಅಂತ ನೀವೇ ತಾನೆ ಮುಖ ಗಂಟು ಹಾಕಿದ್ದು?"

"ಅದು ಕಲ್ಲು ಕಣೇ."

"ನೀರೂ ಹಂಗೇ ಇರಬೇಕು. ನುಣುಪಲ್ಲಿ ಜಾರ್ತದೆ. ನಿಮ್ಮ ತಗಡೇನು ಕುದುರೆ ಬಾಯಿಗೆ ಹೋಗ್ತದಾ?" ಅವಳು ಕೈ ತೊಳೆದುಕೊಂಡು ಹತ್ತಿರ ಕೂತಳು. "ಆ ಹುಡುಗಿ ನಿಮ್ಮ ಮುಂದೆ ನಿಂತು ಸುಟ್ಟುಕೊಡಿ ಅಂತ ಕೇಳೋಕೆ ಎಷ್ಟು ಹೆದರಿರಬೇಕು. ನಿಮ್ಮ ಮುಖ ನಾನು ನೋಡಿಲ್ವಾ? ಹೊಳಪು ಕಮ್ಮಿ ಅಂದ್ರೆ ಮೂರು ದಿನ ಮಾತಾಡಲ್ಲ ನೀವು."

ಪಾಷಾ ಕಲ್ಲಿನ ಮೇಲೆ ಇನ್ನೊಮ್ಮೆ ಕೈಯಾಡಿಸಿದರು. ಆಮೇಲೆ ಟೀ ಕುಡಿದರು. ಆರಿತ್ತು, ಆದರೂ ಕುಡಿದರು.

ಶನಿವಾರ ಬೆಳಗ್ಗೆ ಸ್ಟೇಷನ್ನಿಗೆ ಹೋಗಿ ಗುಬ್ಬಿ ರೈಲಿಗೆ ಕಾದರು. ಇಳಿದವಳ ಕೈಗೆ ಲೋಟ ಕೊಟ್ಟು, "ಇದು ಬಿಟ್ಟುಹೋಗಿದ್ರಿ. ಬನ್ನಿ, ಸುಡೋಣ," ಅಂದರು.

ಸುಡುವುದು ಸುಲಭ ಅಂತ ಅವರೂ ಅಂದುಕೊಂಡಿದ್ದರು. ಮೊದಲನೆಯದು ಉದುರಿತು, ಎರಡನೆಯದು ಒಂದೇ ಕಡೆ ಕಪ್ಪಾಯಿತು. ಹದ ತಪ್ಪಿಸಲಿಕ್ಕೂ ಒಂದು ಹದ ಬೇಕಿತ್ತು. ಮೂರನೆಯದಕ್ಕೆ ಅವರು ಮೊದಲು ತೆಳ್ಳಗೆ, ನುಣ್ಣಗೆ ಒಂದು ಕೋಟು ಹಾಕಿದರು, ಬೇರು ಹಿಡಿಯಲಿ ಅಂತ. ಅದರ ಮೇಲೆ ಕರೆಂಟನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಏರಿಸಿದರು. ಒಂದೊಂದು ಸಲವೂ ಕರೆಂಟಿನ ತಿರುಪಿನಿಂದ ಕೈ ತೆಗೆದು, ಮತ್ತೆ ಹಿಡಿಯುತ್ತಿದ್ದರು. ಸಿದ್ದಲಕ್ಷ್ಮಮ್ಮ ನೋಡಿಯೂ ನೋಡದವಳಂತೆ ಕಿಟಕಿ ಕಡೆ ತಿರುಗಿದಳು.

ಸಂಜೆವರೆಗೆ ಲೋಟದಲ್ಲಿ ಹಾಲು ಬಿಳುಪು ನಿಂತಿತ್ತು. ನೀರಿನ ತಳದಲ್ಲಿ ಒಂದು ಚೂರೂ ಮಸಿಯಿಲ್ಲ. ಅವಳು ಪ್ಲಾಟಿನಂ ಇಳಿಬಿಟ್ಟು ಕರೆಂಟು ಅಳೆಯುವ ಮೀಟರಿನ ಮುಳ್ಳು ನೋಡಿದಳು, ಮತ್ತೆ ಕಪ್ಪು ತಗಡು ಇಳಿಬಿಟ್ಟು ನೋಡಿದಳು.

"ಅದರಷ್ಟಿಲ್ಲ," ಅಂದಳು. ಆಮೇಲೆ ಕಣ್ಣೊರೆಸಿಕೊಂಡು, "ಆದ್ರೆ ಹತ್ತಿರಕ್ಕೆ ಬಂದಿದೆ. ತುಂಬ ಹತ್ತಿರಕ್ಕೆ. ಇಷ್ಟು ಸಾಕು ನಂಗೆ."

ತಗಡನ್ನು ಕಾಗದದಲ್ಲಿ ಸುತ್ತಲು ಹೋದಾಗ ಪಾಷಾ ಕೈ ಚಾಚಿದರು. "ಒಂದ್ನಿಮಿಷ ಕೊಡಿ ಇಲ್ಲಿ."

ಅವಳು ತಗಡನ್ನು ತನ್ನ ಕಡೆಗೆ ಎಳೆದುಕೊಂಡಳು. ಎಲ್ಲಿ ತಿಕ್ಕಿ ಹೊಳಪು ಕೊಟ್ಟುಬಿಡುತ್ತಾರೋ ಅಂತ. ಆದರೂ ಕೊಟ್ಟಳು.

ಅವರು ಅದನ್ನು ಮೂರು ನೀರಿನಲ್ಲಿ ತೊಳೆದರು. ಕಣ್ಣು ಮುಚ್ಚಿ ತುಟಿಗೆ ಒತ್ತಿ, ಮೆಲ್ಲಗೆ ಎಳೆದುಕೊಂಡರು. ಕೆಳತುಟಿಯಲ್ಲಿ ಸಾಸಿವೆಯಷ್ಟು ರಕ್ತ ಮೂಡಿತು.

"ಅಯ್ಯೋ, ಪಾಷಾ ಸಾಬ್ರೆ!"

"ತರಚ್ತು," ಅಂದರು ಪಾಷಾ, ತುಟಿ ಒರೆಸಿಕೊಳ್ಳುತ್ತಾ. ಮುಖದಲ್ಲಿ ನಗು. "ಸರಿಯಾಗಿದೆ."

ಉಳಿಮೊಳೆ ಎತ್ತಿಕೊಂಡು, ಅಂಚು ನೋಡಿ, ಒಂದು ಚುಕ್ಕಿ ಹೊಡೆದು ಅವಳ ಕೈಗಿಟ್ಟರು.