ಇಸ್ತ್ರಿ ಅಕ್ಕನ ಹೊಸ ಕೀಲು

ಬೀದಿಯ ತಿರುವಿನಲ್ಲಿ ಒಂದು ಇಸ್ತ್ರಿ ಅಂಗಡಿ. ಗಂಡ ಮನೆಮನೆಯಿಂದ ಬಟ್ಟೆ ತರುತ್ತಾನೆ, ಹೆಂಡತಿ ಇಸ್ತ್ರಿ ಮಾಡುತ್ತಾಳೆ. ಬೀದಿಗೆಲ್ಲ ಅವಳು ಇಸ್ತ್ರಿ ಅಕ್ಕ. ಬೆಳಗಿನಿಂದ ಸಂಜೆಯವರೆಗೆ ನಿಂತೇ ಕೆಲಸ. ಕೈಗೂ ಬಿಡುವಿಲ್ಲ, ಬಾಯಿಗೂ ಬಿಡುವಿಲ್ಲ.

ಅಂಥ ಅಕ್ಕ ಕುಂಟತೊಡಗಿದಳು. ತೊಡೆಯ ಸಂದಿಯಲ್ಲಿ ನೋವು. ಮೊದಮೊದಲು ಮೆಟ್ಟಿಲು ಹತ್ತುವಾಗ ಬರುತ್ತಿದ್ದದ್ದು, ಬರಬರುತ್ತಾ ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರೂ ಬಂತು. ಎಣ್ಣೆ ತಿಕ್ಕಿದ್ದಾಯಿತು, ಬಿಸಿನೀರು ಸುರಿದದ್ದಾಯಿತು, ಡಾಕ್ಟರು ಕೊಟ್ಟ ಮಾತ್ರೆ ನುಂಗಿ, ಹೇಳಿದ ವ್ಯಾಯಾಮ ಮಾಡಿದ್ದೂ ಆಯಿತು. ಕೊನೆಗೆ ಅವಳ ಚಪ್ಪಲಿಯ ಪಟ್ಟಿಯನ್ನು ಗಂಡನೇ ಬಗ್ಗಿ ಹಾಕಬೇಕಾಯಿತು.

"ಮದುವೆಯಾದ ಹೊಸದ್ರಲ್ಲೂ ನೀವು ಇಷ್ಟು ಸಲ ನನ್ನ ಕಾಲು ಹಿಡಿದಿರಲಿಲ್ಲ ರೀ," ಎಂದು ನಕ್ಕಳು. ನಗುತ್ತಲೇ ಹಲ್ಲು ಕಚ್ಚಿದಳು.

ಒಂದು ಬೆಳಗ್ಗೆ ಸಮವಸ್ತ್ರ ಒಯ್ಯಲು ಪಕ್ಕದ ಮನೆಯ ನರ್ಸ್ ಬಂದಿದ್ದಳು. ಆಸ್ಪತ್ರೆಯ ಮೂಳೆ ವಾರ್ಡಿನಲ್ಲಿ ಅವಳ ಕೆಲಸ. ಅಕ್ಕ ಮಾತಾಡುತ್ತಲೇ ಹಿಂದಕ್ಕೆ ತಿರುಗಿದಳು. ಕಾಲು ಛಳಕ್ ಎಂದು ಹಿಡಿದುಕೊಂಡಿತು. ಕಾದ ಇಸ್ತ್ರಿಪೆಟ್ಟಿಗೆ ಕೈಜಾರಿ ನೆಲಕ್ಕೆ ಬಿತ್ತು, ಕೆಳಗೆ ಕೂತು ಬಟ್ಟೆ ಮಡಿಸುತ್ತಿದ್ದ ಗಂಡನ ಪಾದದ ಪಕ್ಕದಲ್ಲೇ.

ಯಾರಿಗೂ ಏನೂ ಆಗಲಿಲ್ಲ. ನರ್ಸ್ ಬಗ್ಗಿ ಪೆಟ್ಟಿಗೆ ಎತ್ತಿ ಮೇಜಿನ ಮೇಲಿಟ್ಟಳು.

"ಅಕ್ಕ, ಇನ್ನು ಸಾಕು," ಎಂದಳು ನರ್ಸ್. "ನಮ್ಮ ಸರ್ಜನ್‌ಗೆ ತೋರಿಸೋಣ ಬನ್ನಿ. ತೊಡೆ ಸೇರೋ ಸೊಂಟದ ಕೀಲು ಪೂರ್ತಿ ಸವೆದಿದ್ರೆ ತೆಗೆದು ಹೊಸದು ಹಾಕಬಹುದು."

ಗಂಡ ತಲೆ ಅಲ್ಲಾಡಿಸಿದ. "ಬೇಡಮ್ಮ. ನಮ್ಮಣ್ಣನಿಗೆ ತೊಡೆ ಮುರಿದಾಗ ಆಪರೇಷನ್ ಮಾಡಿಸಿದ್ವಿ. ಮಲಗಿದವನು ಮಲಗೇ ಇದ್ದ. ಬೆನ್ನೆಲ್ಲ ಹುಣ್ಣಾಯ್ತು. ಕೊನೆಗೆ ಮನೆಗೆ ಬರ್ಲೇ ಇಲ್ಲ. ಇವಳು ಕುಂಟಿದ್ರೂ ಪರವಾಗಿಲ್ಲ, ಕಣ್ಣ ಮುಂದೆ ಇರ್ಲಿ."

ನರ್ಸ್ ಅವನ ಪಕ್ಕದಲ್ಲೇ ಕೂತಳು.

"ಅಣ್ಣ, ಅದು ಎಷ್ಟೋ ವರ್ಷದ ಹಿಂದಿನ ಮಾತು. ಈಗ ನಾವು ಮಲಗೋಕೇ ಬಿಡಲ್ಲ. ಸುಮ್ನೆ ಬಂದು ಕೇಳಿ. ಕೇಳಿದ ಮಾತ್ರಕ್ಕೆ ಯಾರೂ ಕತ್ತರಿ ಹಿಡಿಯಲ್ಲ."

ಹೋದರು. ಎಕ್ಸ್-ರೇ ನೋಡಿದ ಸರ್ಜನ್, ಕೀಲಿನ ಒಳಮೈ ಸವೆದು ಮೂಳೆಗೆ ಮೂಳೆ ತಿಕ್ಕುತ್ತಿರುವುದನ್ನು ತೋರಿಸಿದರು.

"ನಿಮಗೆ ಸಣ್ಣ ಗಾಯದ ವಿಧಾನ ಹೊಂದುತ್ತೆ. ಚರ್ಮ ಕೊಯ್ಯೋದು ಕಮ್ಮಿ. ಒಳಗಿನ ಸ್ನಾಯುಗಳನ್ನ ಆದಷ್ಟೂ ಕತ್ತರಿಸದೆ, ಪರದೆ ಸರಿಸಿದ ಹಾಗೆ ಪಕ್ಕಕ್ಕೆ ಸರಿಸ್ತೀವಿ. ಹಾಗಾಗಿ ಮೊದಮೊದಲ ನೋವು ಕಮ್ಮಿ, ಬೇಗ ಓಡಾಡಬಹುದು. ಎಲ್ಲರಿಗೂ ಇದು ಆಗಲ್ಲ. ಕೆಲವರಿಗೆ ಗಾಯ ದೊಡ್ಡದೇ ಬೇಕಾಗುತ್ತೆ. ಒಳಗೆ ಕೂರಿಸೋ ಕೀಲು ಮಾತ್ರ ಎರಡರಲ್ಲೂ ಒಂದೇ ಥರದ್ದು."

"ಅಪಾಯ ಇಲ್ವಾ ಡಾಕ್ಟ್ರೇ?" ಗಂಡ ಕೇಳಿಯೇ ಬಿಟ್ಟ.

"ಇಲ್ಲ ಅಂದ್ರೆ ಸುಳ್ಳಾಗುತ್ತೆ. ಕೀವಾಗಬಹುದು, ರಕ್ತ ಹೆಪ್ಪುಗಟ್ಟಬಹುದು, ಕೀಲು ಜಾರಬಹುದು. ಆಗೋದು ಕೆಲವರಿಗೆ ಮಾತ್ರ. ಆಗದ ಹಾಗೆ ಮುಂಚೆನೇ ಎಚ್ಚರ ವಹಿಸ್ತೀವಿ. ಎಲ್ಲಿ, ಬಾಯಿ ತೆಗೀರಿ."

ಅಕ್ಕ ಬಾಯಿ ತೆರೆದಳು. ಒಂದು ದವಡೆ ಹಲ್ಲು ಹುಳುಕಾಗಿ ಒಸಡು ಊದಿತ್ತು.

"ಮೊದಲು ಇದನ್ನ ಸರಿ ಮಾಡಿಸ್ಕೊಂಡು ಬನ್ನಿ. ಇಲ್ಲಿನ ಸೋಂಕು ರಕ್ತದಲ್ಲಿ ಸೇರಿ ಹೊಸ ಕೀಲಿಗೆ ಹೋಗಬಾರದು. ರಕ್ತದ ಸಕ್ಕರೆನೂ ಪರೀಕ್ಷೆ ಮಾಡಿಸಿ."

"ಸೊಂಟ ತೋರಿಸೋಕೆ ಬಂದ್ರೆ ಹಲ್ಲು ಕೀಳಿಸ್ತಾರಲ್ರೀ!" ಎಂದು ಅಕ್ಕ ದಾರಿಯುದ್ದಕ್ಕೂ ಗೊಣಗಿದಳು. ಗಂಡನಿಗೆ ಮಾತ್ರ ಅಲ್ಲೇ ಸ್ವಲ್ಪ ಧೈರ್ಯ ಬಂತು. ಇಷ್ಟು ನೋಡುವವರು ಕೈಬಿಡಲಾರರು ಅನ್ನಿಸಿತು.

ಹಲ್ಲು ಕೀಳಿಸಿ ಒಸಡು ಮಾಗಿ, ಸಕ್ಕರೆಯೂ ಸರಿಯಿದೆ ಎಂದಾದ ಮೇಲೆ ಆಪರೇಷನ್ ಆಯಿತು. ಅದೇ ಸಂಜೆ ನರ್ಸ್, ಹಿಡಿದು ನಡೆಯುವ ವಾಕರ್ ತಂದು ಮಂಚದ ಮುಂದೆ ಇಟ್ಟಳು.

"ಇವತ್ತೇನಾ?" ಗಂಡ ಗಾಬರಿಯಾದ.

"ಇವತ್ತೇ. ಅಕ್ಕ, ಕಾಲೂರಿ. ನಾನು ಹಿಡ್ಕೊಂಡಿದ್ದೀನಿ."

ಗಂಡ ಗೋಡೆ ಕಡೆ ತಿರುಗಿ ನಿಂತ. ಅಕ್ಕ ಕಾಲೂರಿದಳು. ಭಾರ ಹಾಕಿದಳು. ಬಾಗಿಲ ತನಕ ಹೋಗಿ ನಿಂತಳು.

"ರೀ, ಇಲ್ಲಿ ನೋಡ್ರೀ. ಗಾಯ ಉರೀತಿದೆ. ಆದ್ರೆ ಆ ಹಾಳು ನೋವು ಇಲ್ಲ! ಇಲ್ಲವೇ ಇಲ್ಲ!"

ಗಂಡ ತಿರುಗಿದಾಗ ಇಬ್ಬರ ಕಣ್ಣಲ್ಲೂ ನೀರಿತ್ತು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಮನೆಗೆ ಬಂದ ಮೇಲೆ ಗಂಡನ ಅಕ್ಕರೆ ಅತಿಯಾಯಿತು. ಅಕ್ಕ ಏಳಹೋದರೆ "ಮಲಗೇ, ಮಲಗು" ಅನ್ನುವನು. ನೀರು ಹಾಸಿಗೆಗೇ, ಊಟ ಹಾಸಿಗೆಗೇ. ವಾಕರ್ ಮೂಲೆ ಸೇರಿತು. ಹೀಗಿರುವಾಗ ಒಂದು ಬೆಳಗ್ಗೆ ಅಕ್ಕನ ಮೀನಖಂಡ ಊದಿ ಬಿಗಿದುಕೊಂಡಿತು. ಮುಟ್ಟಿದರೆ ನೋವು.

ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದು ಗಂಡನಿಗೆ ನೆನಪಿತ್ತು: ಮೀನಖಂಡ ಊದಿದರೆ, ಉಸಿರು ಕಟ್ಟಿದರೆ, ಜ್ವರ ಬಂದರೆ, ಗಾಯದಿಂದ ನೀರು ಒಸರಿದರೆ, ಕಾಲೂರಲು ಆಗದಿದ್ದರೆ ಕಾಯಬೇಡಿ. ಅವನು ಕಾಯಲಿಲ್ಲ. ಆಟೋ ಹತ್ತಿಸಿ ಕರೆದೊಯ್ದ. ದಾರಿಯಲ್ಲಿ ಅಣ್ಣನ ಮುಖವೇ ಕಣ್ಣಿಗೆ ಕಟ್ಟಿದ ಹಾಗಿತ್ತು.

ಸ್ಕ್ಯಾನ್ ಮಾಡಿದರು. ರಕ್ತ ಹೆಪ್ಪುಗಟ್ಟಿರಲಿಲ್ಲ. ಬರೀ ಊತ. ಗಂಡ ಬೆಂಚಿನ ಮೇಲೆ ಕುಸಿದು ಕೂತ.

"ಸುಮ್ನೆ ತೊಂದರೆ ಕೊಟ್ವಿ ಡಾಕ್ಟ್ರೇ," ಎಂದ.

"ಬಂದಿದ್ದು ಒಳ್ಳೇದಾಯ್ತು. ಏನೂ ಇಲ್ಲ ಅಂತ ಗೊತ್ತಾಗೋಕೂ ಬರಲೇಬೇಕು," ಎಂದರು ಸರ್ಜನ್. "ರಕ್ತ ತೆಳುವಾಗಿಸೋ ಮಾತ್ರೆ ತಪ್ಪಿಸಬೇಡಿ. ಆದ್ರೆ ಇವರನ್ನ ಯಾಕೆ ಮಲಗಿಸಿದ್ರಿ?"

ಅಂದು ಸಂಜೆ ನರ್ಸ್ ಮನೆಗೆ ಬಂದಳು. ಕಾಲಿಗೆ ತೊಡರುವ ಚಾಪೆ ತೆಗೆಸಿದಳು. ತಗ್ಗಿನ ಮಣೆ ಬಿಟ್ಟು ಎತ್ತರದ ಕುರ್ಚಿ ಹಾಕಿಸಿದಳು. ಕೂತಲ್ಲೇ ಪಾದ ಮೇಲೆ ಕೆಳಗೆ ಆಡಿಸುವುದನ್ನು ತೋರಿಸಿದಳು.

"ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮುಂದೆ, ಇಳಿಯುವಾಗ ಆಪರೇಷನ್ ಆದ ಕಾಲು ಮುಂದೆ. ಸ್ವಲ್ಪ ಸ್ವಲ್ಪ ಹೊತ್ತಿಗೆ ಎದ್ದು ಓಡಾಡ್ಬೇಕು. ಅಣ್ಣ, ನೀವು ಪಕ್ಕದಲ್ಲಿ ನಡೀರಿ. ಅಡ್ಡ ನಿಲ್ಲಬೇಡಿ."

"ಹೇಳಮ್ಮ, ಹೇಳು! ನನ್ನ ಮಾತು ಕೇಳಿದ್ದುಂಟಾ ಇವರು?" ಎಂದಳು ಅಕ್ಕ.

ಮರುದಿನದಿಂದ ಇಬ್ಬರೂ ಜೊತೆಯಾಗಿ ನಡೆದರು. ಮೊದಲು ಅಂಗಳ, ಆಮೇಲೆ ಬೀದಿ. ವಾಕರ್ ಹೋಗಿ ಕೋಲು ಬಂತು, ಕೋಲೂ ಹೋಯಿತು. ಈಗ ಅಕ್ಕ ಅಂಗಡಿಯಲ್ಲಿ ಆಗಾಗ ಕುರ್ಚಿಯಲ್ಲಿ ಕೂತು ದಣಿವಾರಿಸಿಕೊಳ್ಳುತ್ತಾಳೆ. ಸೊಂಟ ಹಿಡಿದುಕೊಂಡು ಬರುವ ಗಿರಾಕಿಗಳ ಜೊತೆ ಮಾತಿಗಿಳಿಯುವವನು ಮಾತ್ರ ಗಂಡ. "ಹೆದರ್ಕೊಂಡು ಕೂರ್ಬೇಡಿ, ನಾನು ಕೂತು ನೋಡಿದ್ದೀನಿ," ಅನ್ನುತ್ತಾನೆ.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಯಾರಾದರೂ ತೊಡೆಸಂದಿಯ ನೋವು ನುಂಗಿಕೊಂಡು ಕುಂಟುತ್ತಿದ್ದಾರೆಯೇ? ವಯಸ್ಸಾಯಿತು ಎಂದು ಸುಮ್ಮನಾಗಬೇಡಿ. ಮೂಳೆ ವೈದ್ಯರಿಗೆ ತೋರಿಸಿ. ಎಲ್ಲರಿಗೂ ಆಪರೇಷನ್ ಬೇಕಾಗುವುದಿಲ್ಲ. ಬೇಕು ಎಂದರೆ ಯಾವ ವಿಧಾನ, ಏನು ಅಪಾಯ, ಯಾವಾಗ ನಡೆಯಬಹುದು ಎಂದು ಧೈರ್ಯವಾಗಿ ಕೇಳಿ. ಆದ ಮೇಲೆ ಅವರನ್ನು ಹಾಸಿಗೆಗೆ ಕಟ್ಟಿಹಾಕಬೇಡಿ. ವೈದ್ಯರು ಹೇಳಿದಷ್ಟು, ಹೇಳಿದ ಹಾಗೆ, ಅವರ ಜೊತೆ ನೀವೂ ನಡೆಯಿರಿ.